ಮನೆಯಲ್ಲೇ ಬಣ್ಣಬಣ್ಣದ ಕಿತ್ತಳೆ-ಮೋಸಂಬಿ ಪಾನಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಹನ್ನೊಂದು. ರಾಜ್ಯೋತ್ಸವದ ಸಂಜೆ ಟೆರೇಸ್ ಮೇಲೆ ಎಲ್ಲರೂ ಸೇರುತ್ತೇವೆ. ಊಟಕ್ಕೆ ಒಬ್ಬೊಬ್ಬರು ಒಂದೊಂದು ಮಾಡಿ ತರುತ್ತಾರೆ, ಆದರೆ ಕುಡಿಯುವುದಕ್ಕೆ ಮಾತ್ರ ಯಾವಾಗಲೂ ಅಂಗಡಿಯ ಎರಡು ಲೀಟರ್ ಬಾಟಲಿ. ಒಂದು ವರ್ಷ ನಾನು ಹಣ್ಣಿನ ರಸದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು ಬರುವ ಹಾಗೆ ಪಾನಕ ಮಾಡಿದೆ. ಮೂರನೇ ಮಹಡಿಯ ಅಜ್ಜಿ ಲೋಟವನ್ನು ಟ್ಯೂಬ್‌ಲೈಟ್‌ಗೆ ಎತ್ತಿ ಹಿಡಿದು, "ಅರಿಶಿನ ಕುಂಕುಮ ಇಟ್ಟ ಹಾಗಿದೆ ಮಗಾ" ಅಂದರು. ಅವತ್ತಿನಿಂದ ಮೆಟ್ಟಿಲ ಮೇಲೆ, ಲಿಫ್ಟ್‌ನಲ್ಲಿ, ಲೋಕಲ್ ರೈಲಿನಲ್ಲಿ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಎಲ್ಲದಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಯಾವ ಪಾನಕ? ಹೋಟೆಲಿನಲ್ಲಿ ಕೊಡುವ, ಮದ್ಯ ಇಲ್ಲದ ಮಾಕ್‌ಟೇಲ್‌ ತಾನೇ?

ಹೆಸರು ನೀವು ಏನು ಬೇಕಾದರೂ ಇಟ್ಟುಕೊಳ್ಳಿ. ತಳದಲ್ಲಿ ದಾಳಿಂಬೆಯ ಸಿಹಿ ಪಾಕ, ಅದರ ಮೇಲೆ ಐಸು, ಐಸಿನ ಮೇಲೆ ಮೋಸಂಬಿ ಮತ್ತು ಕಿತ್ತಳೆ ಬೆರೆಸಿದ ರಸ. ಇಷ್ಟೇ. ಮುಂಬೈಯ ಜ್ಯೂಸ್ ಸೆಂಟರ್‌ಗಳಲ್ಲಿ ಮೋಸಂಬಿ ಮತ್ತು ಸಂತ್ರಾ ಬೆರೆಸಿದ ರಸಕ್ಕೆ "ಗಂಗಾ ಜಮುನಾ" ಅನ್ನುತ್ತಾರೆ. ನಮ್ಮ ಪಾನಕದ ಹಳದಿ ಭಾಗ ಅದೇ. ಕೆಂಪು ಭಾಗ ಮನೆಯಲ್ಲಿ ಮಾಡಿದ್ದು.

ಹಳದಿ ಮೇಲೆ, ಕೆಂಪು ಕೆಳಗೆ ಬರಬೇಕು ಅಂತ ನಾವು ಕಷ್ಟಪಡಬೇಕಾಗಿಲ್ಲ. ಸಕ್ಕರೆ ಜಾಸ್ತಿ ಇರುವ ಪಾಕ ತಾನಾಗಿ ತಳಕ್ಕೆ ಕೂರುತ್ತದೆ, ತೆಳ್ಳಗಿನ ರಸ ಮೇಲೆ ನಿಲ್ಲುತ್ತದೆ. ಮ. ರಾಮಮೂರ್ತಿಯವರು ರೂಪಿಸಿದ ನಮ್ಮ ಬಾವುಟದಲ್ಲೂ ಹಳದಿ ಮೇಲೆ, ಕೆಂಪು ಕೆಳಗೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಖುಷಿ ಇವತ್ತಿಗೂ ಹೋಗಿಲ್ಲ.

ಒಂದು ಲೋಟಕ್ಕೆ ಅಳತೆ ಹೇಳಿ.

ಮೊದಲು ಕೆಂಪು ಪಾಕ. ದಾಳಿಂಬೆ ರಸ 250 ಮಿ.ಲೀ., ಸಕ್ಕರೆ 200 ಗ್ರಾಂ. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ. ಕುದಿಸಬೇಡಿ. ಕುದಿಸಿದರೆ ಬಣ್ಣ ಕಂದು ತಿರುಗುತ್ತದೆ, ಹಣ್ಣಿನ ರುಚಿ ಹೋಗಿ ಜಾಮಿನ ರುಚಿ ಬರುತ್ತದೆ. ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಹಾಕಿ. ಆಗ ಪಾತ್ರೆಯೊಳಗೇ ನೋಡಿ: ಮಂಕಾಗಿದ್ದ ಕೆಂಪು ಒಮ್ಮೆಲೇ ತಿಳಿಯಾಗಿ ಹೊಳೆಯುತ್ತದೆ. ದಾಳಿಂಬೆಯ ಬಣ್ಣಕ್ಕೆ ಹುಳಿ ಬಿದ್ದರೆ ಕೆಂಪು ಹೆಚ್ಚುತ್ತದೆ. ಇದು 12 ಲೋಟಕ್ಕೆ ಸಾಕು. ಪೂರ್ತಿ ಆರಿಸಿ ಫ್ರಿಜ್‌ನಲ್ಲಿಡಿ.

ಆಮೇಲೆ ಹಳದಿ ರಸ. ಒಂದು ಲೋಟಕ್ಕೆ ಮೋಸಂಬಿ ರಸ 100 ಮಿ.ಲೀ., ಕಿತ್ತಳೆ ರಸ 50 ಮಿ.ಲೀ., ನಿಂಬೆರಸ ಒಂದು ಟೀ ಚಮಚ, ಒಂದು ಚಿಟಿಕೆ ಉಪ್ಪು. ಉಪ್ಪನ್ನು ದಯವಿಟ್ಟು ಬಿಡಬೇಡಿ. ಅದು ಉಪ್ಪುಪ್ಪಾಗಲಿ ಅಂತ ಹಾಕುವುದಲ್ಲ, ಮೋಸಂಬಿಯ ಸಣ್ಣ ಕಹಿಯನ್ನು ಅದು ಅಡಗಿಸುತ್ತದೆ. ಹಳದಿ ಇನ್ನೂ ಗಾಢವಾಗಿ ಬೇಕಿದ್ದರೆ ಎರಡು ಎಳೆ ಕೇಸರಿಯನ್ನು ಒಂದು ಚಮಚ ಬಿಸಿನೀರಿನಲ್ಲಿ ನೆನೆಸಿ ಸೇರಿಸಿ. ಅರಿಶಿನವನ್ನೂ ಕೆಲವರು ಹಾಕುತ್ತಾರೆ. ಬಣ್ಣ ಚೆನ್ನಾಗಿಯೇ ಬರುತ್ತದೆ, ಆದರೆ ಬಾಯಲ್ಲಿ ಕಷಾಯದ ನೆನಪಾಗುತ್ತದೆ, ನಾನು ಹಾಕುವುದಿಲ್ಲ.

ಈಗ ಉದ್ದ ಗಾಜಿನ ಲೋಟ ತೆಗೆದುಕೊಳ್ಳಿ. ತಳಕ್ಕೆ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಕೆಂಪು ಪಾಕ. ಮುಕ್ಕಾಲು ಲೋಟ ಐಸು. ಅದರ ಮೇಲೆ ಹಳದಿ ರಸ, ತುಂಬ ನಿಧಾನವಾಗಿ.

ನಾನು ಮಾಡಿದಾಗ ಪದರ ನಿಲ್ಲಲಿಲ್ಲ, ಎಲ್ಲ ಕಲಸಿ ಕಿತ್ತಳೆ ಬಣ್ಣ ಆಯಿತು. ಏನು ತಪ್ಪಾಯಿತು?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಕಾರಣ ಮೂರರಲ್ಲಿ ಒಂದು ಇರುತ್ತದೆ.

ಒಂದು, ಪಾಕದಲ್ಲಿ ಸಕ್ಕರೆ ಕಡಿಮೆ. ಆರೋಗ್ಯದ ಯೋಚನೆಯಿಂದ ಅರ್ಧ ಸಕ್ಕರೆ ಹಾಕಿದ್ದೆ ಅಂತ ತುಂಬ ಜನ ಹೇಳುತ್ತಾರೆ. ಆಗ ಕೆಂಪು ಮತ್ತು ಹಳದಿಯ ತೂಕದ ವ್ಯತ್ಯಾಸ ಕಡಿಮೆಯಾಗುತ್ತದೆ, ಎರಡೂ ಬೇಗ ಬೆರೆಯುತ್ತವೆ. ಸಿಹಿ ಕಡಿಮೆ ಬೇಕಿದ್ದರೆ ಪಾಕವನ್ನು ತೆಳ್ಳಗೆ ಮಾಡಬೇಡಿ. ಗಟ್ಟಿ ಪಾಕವನ್ನೇ ಎರಡು ಚಮಚದ ಬದಲು ಒಂದು ಚಮಚ ಹಾಕಿ.

ಎರಡು, ಪಾಕ ಇನ್ನೂ ಬೆಚ್ಚಗಿತ್ತು. ಬೆಚ್ಚಗಿನ ಪಾಕ ಹಗುರ, ಐಸನ್ನೂ ಕರಗಿಸುತ್ತದೆ. ಕರಗಿದ ನೀರು ಗೆರೆಯನ್ನು ಅಳಿಸುತ್ತದೆ.

ಮೂರು, ರಸ ಸುರಿದ ರೀತಿ. ಚಮಚವನ್ನು ಬೋರಲು ಹಾಕಿ, ಅದರ ತುದಿ ಐಸಿಗೆ ತಾಗುವ ಹಾಗೆ ಹಿಡಿಯಿರಿ. ರಸ ಚಮಚದ ಬೆನ್ನ ಮೇಲೆ ಬಿದ್ದು ಲೋಟದ ಗೋಡೆಗುಂಟ ಇಳಿಯಬೇಕು. ಮೊದಲ ಎರಡು ಬೆರಳಷ್ಟು ತುಂಬುವವರೆಗೆ ಮಾತ್ರ ಈ ನಿಧಾನ ಬೇಕು. ಒಮ್ಮೆ ಹಳದಿಯ ಪದರ ಕೂತ ಮೇಲೆ ಉಳಿದದ್ದನ್ನು ಸ್ವಲ್ಪ ಬೇಗ ಸುರಿದರೂ ಏನೂ ಆಗುವುದಿಲ್ಲ. ಮತ್ತೆ, ರಸವನ್ನು ಸೋಸಿಕೊಳ್ಳಿ. ತಿರುಳು ಜಾಸ್ತಿ ಇದ್ದರೆ ಅದು ಗೆರೆಯ ಹತ್ತಿರ ತೂಗಾಡುತ್ತ ನಿಂತು ನೋಟ ಕೆಡಿಸುತ್ತದೆ.

ಮೋಸಂಬಿ ರಸ ಬೆಳಿಗ್ಗೆ ಸಿಹಿ ಇತ್ತು, ಸಂಜೆಗೆ ಕಹಿ. ಹಣ್ಣು ಕೆಟ್ಟದಾ?

ಹಣ್ಣು ಒಳ್ಳೆಯದೇ ಇರುತ್ತದೆ. ನನಗೂ ಮೊದಲ ವರ್ಷ ಹೀಗೇ ಆಗಿತ್ತು. ಸಂಜೆ ಗಡಿಬಿಡಿ ಬೇಡ ಅಂತ ಬೆಳಿಗ್ಗೆ ಒಂಬತ್ತಕ್ಕೇ ಮೂರು ಲೀಟರ್ ಹಿಂಡಿ ಇಟ್ಟಿದ್ದೆ. ಆರು ಗಂಟೆಗೆ ಒಂದು ಗುಟುಕು ಕುಡಿದು ನೋಡಿದರೆ ಬೇವಿನಸೊಪ್ಪು ಜಗಿದ ಹಾಗೆ. ಅಷ್ಟೂ ಚೆಲ್ಲಬೇಕಾಯಿತು. ಮನೆಯವರು ಪುನಃ ಸ್ಟೇಷನ್ ರೋಡಿಗೆ ಓಡಿದರು.

ಕಾರಣ ಹೀಗಿದೆ. ಮೋಸಂಬಿಯಲ್ಲಿ, ಅದರಲ್ಲೂ ಬೀಜ ಮತ್ತು ಬಿಳಿ ನಾರಿನಲ್ಲಿ ಒಂದು ಅಂಶ ಇರುತ್ತದೆ. ಹಣ್ಣಿನೊಳಗೆ ಇರುವಾಗ ಅದಕ್ಕೆ ಕಹಿ ಇಲ್ಲ. ಹಿಂಡಿದಾಗ ಅದು ಹುಳಿರಸದ ಜೊತೆ ಸೇರಿ ನಿಧಾನವಾಗಿ ಲಿಮೊನಿನ್ ಅನ್ನುವ ಕಹಿ ವಸ್ತುವಾಗಿ ಬದಲಾಗುತ್ತದೆ. ಅದಕ್ಕೇ ಹಿಂಡಿದ ತಕ್ಷಣ ಸಿಹಿ, ಸ್ವಲ್ಪ ಹೊತ್ತಿಗೆ ಕಹಿ. ತಣ್ಣಗಿಟ್ಟರೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಕಿತ್ತಳೆಯಲ್ಲಿ ಇದು ಇಷ್ಟು ಕಾಡುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ ಜಾಸ್ತಿ. ಅಡ್ಡಕ್ಕೆ ಕತ್ತರಿಸಿ, ಬೀಜ ತೆಗೆದು, ಕೈಯ ಹಿಂಡುವ ಯಂತ್ರದಲ್ಲಿ ಹದವಾಗಿ ಒತ್ತಿ. ಕೊನೆಯ ಹನಿಗಾಗಿ ಸಿಪ್ಪೆ ಜಜ್ಜಬೇಡಿ. ಬಡಿಸುವುದಕ್ಕೆ ಒಂದು ಗಂಟೆಗಿಂತ ಮುಂಚೆ ಮೋಸಂಬಿ ಹಿಂಡಲೇಬೇಡಿ. ಬೇರೆ ಎಲ್ಲ ಕೆಲಸ ಹಿಂದಿನ ದಿನವೇ ಮುಗಿಸಬಹುದು, ಇದೊಂದನ್ನು ಬಿಟ್ಟು.

ನೀಲಿ ಬಣ್ಣ ಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ. ಅಂಗಡಿಯ ನೀಲಿ ಸಿರಪ್ ಹಾಕಬಹುದಾ?

ಬಾಟಲಿಯ ಹಿಂದೆ ಓದಿ. ನೀಲಿ ಕ್ಯುರಸಾವ್ ಸಿರಪ್ ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಸಕ್ಕರೆ, ನೀರು, ಕಿತ್ತಳೆಯ ಪರಿಮಳ ಮತ್ತು ಐಎನ್‌ಎಸ್ 133 ಅನ್ನುವ ಬಣ್ಣ ಇರುತ್ತದೆ. ಅದು ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಬಣ್ಣವೇ, ವಿಷ ಅಲ್ಲ. ಆದರೆ ಅದೇ ಹೆಸರಿನಲ್ಲಿ ಮದ್ಯವೂ ಇದೆ, ಹಾಗಾಗಿ ಆಲ್ಕೋಹಾಲ್ ಇಲ್ಲ ಅಂತ ಬರೆದಿರುವುದನ್ನು ನೋಡಿಯೇ ತೆಗೆದುಕೊಳ್ಳಿ. ಒಂದು ಮದುವೆಯಲ್ಲಿ ಮಕ್ಕಳೆಲ್ಲ ಅದನ್ನು ಮೂರು ಮೂರು ಲೋಟ ಕುಡಿದು ನಾಲಿಗೆ ನೀಲಿ ಮಾಡಿಕೊಂಡು ಓಡಾಡಿದ್ದನ್ನು ನೋಡಿದ ಮೇಲೆ ನಮ್ಮ ಮನೆಗೆ ಅದು ಬಂದಿಲ್ಲ.

ಅದಕ್ಕಿಂತ ಚೆಂದದ್ದು ನಮ್ಮ ಕಿಟಕಿಯ ಗ್ರಿಲ್‌ನಲ್ಲೇ ಇದೆ. ಶಂಖಪುಷ್ಪ. ಮರಾಠಿಯವರು ಇದನ್ನು ಗೋಕರ್ಣ ಅನ್ನುತ್ತಾರೆ, ನಮ್ಮ ಕ್ಷೇತ್ರದ ಹೆಸರೇ. ನೀಲಿ ಹೂವಿನ ಬಳ್ಳಿಯೇ ಬೇಕು, ಬಿಳಿಯದು ಬಣ್ಣ ಕೊಡುವುದಿಲ್ಲ. ಎಂಟು ಹತ್ತು ಹೂವು ಬಿಡಿಸಿ, ಹಿಂದಿನ ಹಸಿರು ತೊಟ್ಟು ತೆಗೆದು, ತೊಳೆದು, ಒಂದು ಕಪ್ ಬಿಸಿನೀರಿಗೆ ಹಾಕಿ. ಮೊದಲು ಹೂವಿನ ಅಂಚಿನಿಂದ ನೀಲಿ ದಾರದ ಹಾಗೆ ಇಳಿಯುತ್ತದೆ, ಆಮೇಲೆ ನೀರೆಲ್ಲ ಶಾಯಿ ಬಣ್ಣ. ಐದು ಹತ್ತು ನಿಮಿಷದಲ್ಲಿ ದಳಗಳು ಬೆಳ್ಳಗಾಗುತ್ತವೆ. ಸೋಸಿ ತಣ್ಣಗೆ ಮಾಡಿ. ಒಣಗಿಸಿದ ಹೂವಾದರೆ ಒಂದು ಟೀ ಚಮಚ ಸಾಕು.

ಈಗ ಲೋಟದ ತಳಕ್ಕೆ ಸಕ್ಕರೆ ಪಾಕ ಬೆರೆಸಿದ ನಿಂಬೆರಸ, ಮೇಲೆ ಐಸು, ಅದರ ಮೇಲೆ ನಿಧಾನವಾಗಿ ಈ ನೀಲಿ ನೀರು. ಎರಡೂ ಸೇರುವ ಕಡೆ ನೇರಳೆ ಹುಟ್ಟುತ್ತದೆ, ಕಲಸಿದರೆ ಗುಲಾಬಿ ಕಡೆಗೆ ತಿರುಗುತ್ತದೆ. ಹುಳಿ ತಾಗಿದ ಕೂಡಲೇ ಈ ಹೂವಿನ ಬಣ್ಣ ಬದಲಾಗುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಹಸಿರಿಗೂ ತಿರುಗುತ್ತದೆ, ಅದನ್ನು ಮಕ್ಕಳಿಗೆ ತೋರಿಸಿ, ಕುಡಿಯಲು ಬೇಡ. ನಿಂಬೆರಸವನ್ನು ಅವರ ಕೈಗೇ ಕೊಟ್ಟು ಹಿಂಡಲು ಬಿಡಿ. ಕಣ್ಣು ಅರಳಿಸಿ ನೋಡುತ್ತಾರೆ. ಗರ್ಭಿಣಿಯರು ಮಾತ್ರ ಈ ಹೂವಿನ ಪಾನಕವನ್ನು ಡಾಕ್ಟರನ್ನು ಕೇಳದೆ ಕುಡಿಯುವುದು ಬೇಡ.

ಬೇರೆ ಬಣ್ಣಗಳಿಗೆ ಏನು ಹಾಕಬಹುದು?

ಬೀಟ್‌ರೂಟ್ ತುಂಬ ಗಟ್ಟಿ ಬಣ್ಣ, ಒಂದು ಲೋಟಕ್ಕೆ ಒಂದು ಟೀ ಚಮಚ ಹಸಿ ರಸ ಸಾಕು. ಹುಳಿಗೆ ಅದು ಬಣ್ಣ ಬದಲಿಸುವುದಿಲ್ಲ, ಆದರೆ ಕಾಯಿಸಿದರೆ ಮಂಕಾಗುತ್ತದೆ. ಮಣ್ಣಿನ ವಾಸನೆ ಬರುತ್ತದೆ ಅನ್ನುವವರು ಮೊದಲೇ ಅದಕ್ಕೆ ನಿಂಬೆ ಹಿಂಡಿ ಇಡಿ, ವಾಸನೆ ತಗ್ಗುತ್ತದೆ.

ಹಸಿರಿಗೆ ಪುದೀನ. ಇದನ್ನು ಮಾತ್ರ ಕಡೇ ಗಳಿಗೆಯಲ್ಲಿ ಅರೆಯಿರಿ. ನಿಂಬೆ ತಾಗಿ ಸ್ವಲ್ಪ ಹೊತ್ತು ಕಳೆದರೆ ಎಲೆಯ ಹಸಿರು ಹೋಗಿ ಕೊಳೆತ ಎಲೆಯ ಬಣ್ಣ ಬರುತ್ತದೆ.

ಕೆಂಪಿಗೆ ನನ್ನ ಮನಸ್ಸು ಮಾತ್ರ ಪುನರ್ಪುಳಿಯ, ಅಂದರೆ ಕೋಕಂನ ಕಡೆಗೇ. ನಾವು ಉಡುಪಿ ಕಡೆಯವರು, ಅಮ್ಮ ಒಣಸಿಪ್ಪೆ ಕಳಿಸುತ್ತಾರೆ. ಇಲ್ಲಿಯ ಅಂಗಡಿಗಳಲ್ಲಿ ಕೊಂಕಣದಿಂದ ಬರುವ ಎರಡು ಥರ ಸಿಗುತ್ತದೆ: ಸಿಹಿ ಹಾಕಿದ ಅಮೃತ ಕೋಕಂ, ಉಪ್ಪು ಹಾಕಿದ ಆಗಳ್. ಎರಡರ ಬಾಟಲಿಯೂ ನೋಡಲು ಒಂದೇ ಥರ ಇರುತ್ತದೆ. ನಮಗೆ ಬೇಕಾದದ್ದು ಸಿಹಿಯದು. ಆಗಳ್ ಇರುವುದು ಸೋಲ್ ಕಡಿಗೆ (ತೆಂಗಿನ ಹಾಲು ಬೆರೆಸಿದ ಕೋಕಂ ಪಾನೀಯ), ಸಾರಿಗೆ. ಅಮೃತ ಕೋಕಂ ಮೊದಲೇ ಸಕ್ಕರೆಯಿಂದ ಭಾರ ಇರುವುದರಿಂದ ದಾಳಿಂಬೆ ಪಾಕದ ಬದಲು ನೇರವಾಗಿ ತಳಕ್ಕೆ ಹಾಕಬಹುದು. ಮೋಸಂಬಿಯ ಜೊತೆ ಅದರ ಹುಳಿ ಎಷ್ಟು ಹೊಂದುತ್ತದೆ ಅಂದರೆ, ಬೇಸಿಗೆಯಲ್ಲಿ ನಾನು ದಾಳಿಂಬೆಯನ್ನು ಮುಟ್ಟುವುದೇ ಇಲ್ಲ.

ಮದ್ಯ ಇಲ್ಲದ ಪಾನಕ ಯಾವಾಗಲೂ ಬರೀ ಸಕ್ಕರೆ ನೀರಿನ ಹಾಗೆ ಇರುತ್ತದೆ, ಯಾಕೆ?

ಈ ಮಾತು ಕೇಳಿದಾಗ ನನಗೆ ಬೇಸರ ಆಗುತ್ತದೆ, ಆದರೆ ಅದರಲ್ಲಿ ನಿಜ ಇದೆ. ಪಾರ್ಟಿಗಳಲ್ಲಿ ಕುಡಿಯುವವರ ಲೋಟಕ್ಕೆ ಇರುವ ಆರೈಕೆ ಕುಡಿಯದವರ ಲೋಟಕ್ಕೆ ಇರುವುದಿಲ್ಲ. ಮಕ್ಕಳು, ಅಜ್ಜ ಅಜ್ಜಿಯರು, ಬಸುರಿ ಹೆಂಗಸರು, ಸುಮ್ನೆ ಇಷ್ಟವಿಲ್ಲದವರು, ಇವರೆಲ್ಲರ ಕೈಗೆ ಪ್ಲಾಸ್ಟಿಕ್ ಲೋಟದಲ್ಲಿ ಬೆಚ್ಚಗಿನ ಸೋಡಾ ಬರುತ್ತದೆ. ಅವರ ಲೋಟವೂ ಅಷ್ಟೇ ಚೆಂದ ಇರಬೇಕು ಅಂತಲೇ ನಾನು ಇಷ್ಟು ತಲೆ ಕೆಡಿಸಿಕೊಂಡದ್ದು.

ಮದ್ಯ ಪರಿಮಳವನ್ನು ಹಿಡಿದು ಮೂಗಿಗೆ ಮುಟ್ಟಿಸುತ್ತದೆ. ಅದು ಇಲ್ಲದ ಕಡೆ ಪರಿಮಳವನ್ನು ಬೇರೆ ದಾರಿಯಲ್ಲಿ ತರಬೇಕು. ದಾರಿ ಸಿಪ್ಪೆಯಲ್ಲಿದೆ. ಕಿತ್ತಳೆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಮಡಚಿ ನೋಡಿ, ಸಣ್ಣ ಮಂಜಿನ ಹಾಗೆ ಎಣ್ಣೆ ಚಿಮ್ಮುತ್ತದೆ. ನಮಗೆ ಬೇಕಾದ ಪರಿಮಳವೆಲ್ಲ ಆ ಎಣ್ಣೆ.

ಎರಡು ಕಿತ್ತಳೆ, ಎರಡು ನಿಂಬೆಯ ಹೊರಸಿಪ್ಪೆಯನ್ನು ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ನಲ್ಲಿ ತೆಳ್ಳಗೆ ತೆಗೆಯಿರಿ. ಬಿಳಿ ಭಾಗ ಬರಬಾರದು, ಅದು ಕಹಿ. ಕತ್ತರಿಸುವ ಮೊದಲು ಹಣ್ಣನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆಗೆ ಅರ್ಧ ಕಪ್ ಸಕ್ಕರೆ ಹಾಕಿ, ಲಟ್ಟಣಿಗೆಯ ತುದಿಯಲ್ಲಿ ಜಜ್ಜಿ, ಮುಚ್ಚಿಡಿ. ಮೂರು ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಸಕ್ಕರೆ ಒದ್ದೆಯಾಗಿ, ಹಳದಿಯಾಗಿ, ಹೊಳೆಯುತ್ತಿರುತ್ತದೆ. ಅಡುಗೆಮನೆ ತುಂಬ ಪರಿಮಳ. ನಮ್ಮ ಎದುರುಮನೆಯ ಮಾವಶಿ ಬಾಗಿಲು ತಟ್ಟಿ "ಕಾಯ್ ಬನವ್‌ತೇಸ್" (ಏನು ಮಾಡ್ತಿದ್ದೀಯ) ಅಂತ ಕೇಳಿದ್ದುಂಟು. ಈ ಸಕ್ಕರೆಗೆ ಕಾಲು ಕಪ್ ಬಿಸಿನೀರು ಹಾಕಿ ಕರಗಿಸಿ, ಸೋಸಿ, ಆರಿಸಿ. ಹಳದಿ ರಸಕ್ಕೆ ಲೋಟಕ್ಕೊಂದು ಚಮಚ ಸೇರಿಸಿ. ಹಾಕಿದ ಲೋಟ, ಹಾಕದ ಲೋಟ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದು ನೋಡಿ, ನಾನು ಬೇರೆ ಏನೂ ಹೇಳಬೇಕಾಗುವುದಿಲ್ಲ.

ಇನ್ನೊಂದು ವಿಷಯ. ತಣ್ಣಗಾದಷ್ಟೂ ಸಿಹಿ ಕಡಿಮೆ ಅನ್ನಿಸುತ್ತದೆ. ಐಸು ಹಾಕುವ ಮೊದಲು ರುಚಿ ನೋಡುವಾಗ ಸ್ವಲ್ಪ ಸಿಹಿ ಮುಂದಿದ್ದರೆ ಅದೇ ಸರಿ.

ಸೋಡಾ ಯಾವಾಗ ಹಾಕಬೇಕು? ನನ್ನದು ಉಕ್ಕಿ ಟೇಬಲ್ ತುಂಬ ಚೆಲ್ಲಿತು.

ಕೊನೆಗೆ, ಮತ್ತು ತುಂಬ ತಣ್ಣಗಿರುವಾಗ. ಉಕ್ಕಿದ್ದು ಉಪ್ಪಿನಿಂದ ಅಥವಾ ಚಾಟ್ ಮಸಾಲೆಯಿಂದ ಇರಬೇಕು. ಸೋಡಾದ ಮೇಲೆ ಪುಡಿ ಬಿದ್ದರೆ ಗ್ಯಾಸ್ ಆ ಕಣಗಳನ್ನು ಹಿಡಿದು ಒಮ್ಮೆಲೇ ಹೊರಗೆ ಬರುತ್ತದೆ. ಉಪ್ಪು, ಕಾಲಾ ನಮಕ್, ಜೀರಿಗೆ ಪುಡಿ ಏನಿದ್ದರೂ ಮೊದಲು ರಸದಲ್ಲಿ ಕರಗಿಸಿ, ಆಮೇಲೆ ಸೋಡಾ. ಪದರ ಇರುವ ಲೋಟಕ್ಕೆ 50 ಮಿ.ಲೀ.ಗಿಂತ ಜಾಸ್ತಿ ಬೇಡ, ಗೋಡೆಗುಂಟ ಇಳಿಸಿ.

ಪೂರ್ತಿ ಮದ್ಯರಹಿತ ಅಂತ ಹೇಗೆ ನಂಬುವುದು?

ಹಣ್ಣು, ಸಕ್ಕರೆ, ಉಪ್ಪು, ಸೋಡಾ ಇಷ್ಟೇ ಇದ್ದರೆ ಅನುಮಾನವೇ ಇಲ್ಲ. ಹೊರಗಿನ ಬಾಟಲಿಗಳ ವಿಷಯದಲ್ಲಿ ಹುಷಾರಾಗಿರಿ. ಮಾಕ್‌ಟೇಲ್‌ಗೆ ನಾಲ್ಕು ಹನಿ ಬಿಟರ್ಸ್ ಹಾಕಿ ಅಂತ ಎಷ್ಟೋ ಕಡೆ ಹೇಳುತ್ತಾರೆ. ಬಿಟರ್ಸ್ ಅಂದರೆ ಗಿಡಮೂಲಿಕೆಗಳನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಕಹಿ ಸಾರ. ಅಂಗೋಸ್ಟುರಾ ಬಿಟರ್ಸ್‌ನಲ್ಲಿ ಆಲ್ಕೋಹಾಲ್ 44.7 ಶೇಕಡಾ ಇದೆ. ಹನಿ ಕಡಿಮೆಯೇ ಇರಬಹುದು, ಆದರೆ ಮುಟ್ಟುವುದೇ ಇಲ್ಲ ಅನ್ನುವವರಿಗೆ ಹೇಳದೆ ಕೊಡುವುದು ತಪ್ಪು. ಕೆಲವು ವೆನಿಲಾ ಎಸೆನ್ಸ್‌ನಲ್ಲೂ ಆಲ್ಕೋಹಾಲ್ ಇರುತ್ತದೆ. ನಮ್ಮ ದೇಶದ ನಿಯಮದಲ್ಲಿ 0.5 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮದ್ಯ ಅಂತ ಲೆಕ್ಕ, ಹಾಗಾಗಿ ಮದ್ಯ ಅಲ್ಲ ಅಂದ ಮಾತ್ರಕ್ಕೆ ಪೂರ್ತಿ ಸೊನ್ನೆ ಅಂತ ಅಲ್ಲ. ಕೊಂಬುಚಾದ ಥರ ಹುದುಗಿಸಿದ ಪಾನೀಯಕ್ಕೂ ಈ ಮಾತು ಸಲ್ಲುತ್ತದೆ. ಹಾಗೆಯೇ ಹಣ್ಣಿನ ರಸವನ್ನು ಹೊರಗೆ ಇಟ್ಟು ಮರುದಿನ ನೊರೆ ಬಂದಿದ್ದರೆ ಅದು ಹುದುಗಿದೆ ಅಂತಲೇ ಅರ್ಥ, ಚೆಲ್ಲಿ.

ಐಸು ಅಂಗಡಿಯಿಂದ ತರಬಹುದಾ?

ತಿನ್ನುವ ಐಸು ಅಂತ ಪ್ಯಾಕೆಟ್‌ನಲ್ಲಿ ಬರುವುದನ್ನು ತನ್ನಿ. ದೊಡ್ಡ ಗಡ್ಡೆಗಳಾಗಿ ಬರುವ ಮೀನಿನ ಐಸನ್ನು ಒಡೆದು ತರಬೇಡಿ. 2018ರಿಂದ ಮಹಾರಾಷ್ಟ್ರದಲ್ಲಿ ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ನಿಯಮ ಇದೆ. ಅಂದರೆ ಮುಂಬೈಯಲ್ಲಿ ಐಸು ತಿಳಿನೀಲಿ ಕಂಡರೆ ಅದು ಪಾನಕಕ್ಕೆ ಅಲ್ಲ. ನೀಲಿ ಪಾನಕ ಮಾಡುವವರು ಇದನ್ನು ಚೆನ್ನಾಗಿ ನೆನಪಿಡಿ.

ಮನೆಯಲ್ಲೇ ಆದರೆ ಕುದಿಸಿ ಆರಿಸಿದ ನೀರು ಅಥವಾ ಫಿಲ್ಟರ್ ನೀರು. ದೊಡ್ಡ ತುಂಡುಗಳು ಮಾಡಿ, ನಿಧಾನ ಕರಗುತ್ತವೆ. ಒಂದೊಂದು ಗುಂಡಿಗೆ ಎರಡು ದಾಳಿಂಬೆ ಕಾಳು ಅಥವಾ ಒಂದು ಪುದೀನ ಎಲೆ ಹಾಕಿ ಗಟ್ಟಿ ಮಾಡಿದರೆ ಅದೇ ಅಲಂಕಾರ.

ಐವತ್ತು ಜನಕ್ಕೆ ಎಷ್ಟು ಸಾಮಾನು ಬೇಕು?

ಲೋಟಕ್ಕೆ 150 ಮಿ.ಲೀ. ಹಳದಿ ರಸದ ಲೆಕ್ಕದಲ್ಲಿ ಒಟ್ಟು ಏಳೂವರೆ ಲೀಟರ್. ಒಂದು ಮೋಸಂಬಿಯಿಂದ ಸುಮಾರು 80 ಮಿ.ಲೀ., ಒಂದು ಕಿತ್ತಳೆಯಿಂದ 70 ಮಿ.ಲೀ. ಬರುತ್ತದೆ. ಹಾಗಾಗಿ ಆರು ಡಜನ್ ಮೋಸಂಬಿ, ಮೂರು ಡಜನ್ ಕಿತ್ತಳೆ, ಇಪ್ಪತ್ತು ನಿಂಬೆ. ಕೆಂಪು ಪಾಕಕ್ಕೆ ಒಂದು ಲೀಟರ್ ದಾಳಿಂಬೆ ರಸ, 800 ಗ್ರಾಂ ಸಕ್ಕರೆ. ಅದಕ್ಕೆ ಹತ್ತು ಹನ್ನೆರಡು ದಾಳಿಂಬೆ ಬೇಕಾಗುತ್ತದೆ. ಎರಡನೇ ಲೋಟ ಕೇಳುವವರು ಇದ್ದೇ ಇರುತ್ತಾರೆ, ಅದನ್ನೂ ಸೇರಿಸಿಕೊಳ್ಳಿ. ಐಸು ಎಂಟು ಕಿಲೋ.

ಕೆಲಸ ಹಂಚಿಕೊಳ್ಳಿ. ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ. ನಾವು ಹಿಂದಿನ ರಾತ್ರಿ ಪಾಕ ಮತ್ತು ಸಿಪ್ಪೆ ಸಕ್ಕರೆ ಮುಗಿಸಿ, ಸಂಜೆ ಐದಕ್ಕೆ ನಾಲ್ಕು ಜನ ಕೂತು ಹಿಂಡುತ್ತೇವೆ. ಒಬ್ಬರು ಕತ್ತರಿಸುವುದು, ಇಬ್ಬರು ಒತ್ತುವುದು, ಒಬ್ಬರು ಸೋಸುವುದು. ಲೋಟಗಳ ತಳಕ್ಕೆ ಪಾಕ ಮೊದಲೇ ಹಾಕಿಟ್ಟು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ. ಜನ ಬಂದಾಗ ಐಸು, ರಸ, ಮುಗಿಯಿತು.

ಒಳ್ಳೆ ಹಣ್ಣು ಮುಂಬೈಯಲ್ಲಿ ಎಲ್ಲಿ, ಯಾವಾಗ?

ದೊಡ್ಡ ಲೆಕ್ಕಕ್ಕೆ ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆ. ದಕ್ಷಿಣ ಮುಂಬೈಯವರಿಗೆ ಕ್ರಾಫರ್ಡ್ ಮಾರ್ಕೆಟ್ ಇದೆ. ಮನೆಮಟ್ಟಕ್ಕೆ ನಿಮ್ಮ ಸ್ಟೇಷನ್ ಹೊರಗಿನ ಗಾಡಿಯೇ ಸಾಕು. ಮಾಟುಂಗಾ ಮಾರ್ಕೆಟ್‌ಗೆ ಹೋದರೆ ನಮ್ಮ ಕಡೆಯ ತರಕಾರಿಯೂ ಸಿಗುತ್ತದೆ, ಹೂವೂ ಸಿಗುತ್ತದೆ.

ಮೋಸಂಬಿ ಹೆಚ್ಚುಕಡಿಮೆ ವರ್ಷವಿಡೀ ಇರುತ್ತದೆ. ಜಾಲ್ನಾದ ಮೋಸಂಬಿಗೂ ನಾಗಪುರದ ಕಿತ್ತಳೆಗೂ ಜಿಐ ಗುರುತು, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಇದೆ. ನಾಗಪುರದ ಹಣ್ಣು ಚಳಿಗಾಲದಲ್ಲಿ ಚೆನ್ನಾಗಿರುತ್ತದೆ. ನವೆಂಬರ್ ಮೊದಲ ವಾರದಲ್ಲಿ ಸಿಗುವುದು ಹಸಿರು ಮಿಶ್ರ, ಸ್ವಲ್ಪ ಹುಳಿ. ಹೆದರಬೇಡಿ, ಪಾನಕಕ್ಕೆ ಹುಳಿ ಒಳ್ಳೆಯದು. ಬಣ್ಣ ನೋಡಿ ಕೊಳ್ಳಬೇಡಿ, ಕೈಯಲ್ಲಿ ತೂಗಿ ನೋಡಿ. ಒಂದೇ ಗಾತ್ರದ ಎರಡರಲ್ಲಿ ಭಾರ ಇರುವುದರಲ್ಲಿ ರಸ ಜಾಸ್ತಿ. ನಿಂಬೆಯಾದರೆ ತೆಳು ಸಿಪ್ಪೆಯ ಕಾಗ್ದಿ ಲಿಂಬು ಕೇಳಿ. ಬೇಸಿಗೆಯಲ್ಲಿ ನಿಂಬೆಯ ರೇಟು ಏರುತ್ತದೆ. ಅಗ್ಗ ಇದ್ದಾಗ ಹಿಂಡಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಯಲ್ಲಿಟ್ಟುಕೊಳ್ಳಿ.

ಗಣಪತಿ ಹಬ್ಬದ ಹೊತ್ತಿಗೆ ಚಕ್ಕೋತ ಬರುತ್ತದೆ, ಇಲ್ಲಿ ಪಪನಸ್ ಅನ್ನುತ್ತಾರೆ. ಗುಲಾಬಿ ತಿರುಳಿನದು ಸಿಕ್ಕಿದರೆ ಬಿಡಬೇಡಿ. ಎಸಳಿನ ಬಿಳಿ ಪೊರೆ ಪೂರ್ತಿ ಬಿಡಿಸಿ ಹಿಂಡಬೇಕು, ತಾಳ್ಮೆಯ ಕೆಲಸ, ಆದರೆ ಆ ಬಣ್ಣಕ್ಕೆ ಬೇರೆ ಏನೂ ಸೇರಿಸಬೇಕಾಗಿಲ್ಲ.

ಸಕ್ಕರೆ ಕಾಯಿಲೆ ಇದ್ದವರು, ಔಷಧ ತೆಗೆದುಕೊಳ್ಳುವವರು ಕುಡಿಯಬಹುದಾ?

ನೇರವಾಗಿ ಹೇಳುತ್ತೇನೆ. ಮೇಲಿನ ಅಳತೆಯ ಒಂದು ಲೋಟದಲ್ಲಿ ಹಣ್ಣಿನದೂ ಸೇರಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಏಳು ಟೀ ಚಮಚದಷ್ಟು. ಮನೆಯಲ್ಲಿ ಮಾಡಿದ್ದು, ಹಣ್ಣಿನದ್ದು ಅಂತ ಸಕ್ಕರೆ ಸಕ್ಕರೆ ಅಲ್ಲದೆ ಹೋಗುವುದಿಲ್ಲ. ಇದು ಹಬ್ಬದ ಪಾನಕ, ದಿನಾ ಕುಡಿಯುವುದಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ನಾನು ಮಾಡಿಕೊಡುವುದು ಬೇರೆ: ಶಂಖಪುಷ್ಪದ ನೀರು, ನಿಂಬೆರಸ, ಚಿಟಿಕೆ ಉಪ್ಪು, ಸೋಡಾ, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. ಪದರ ನಿಲ್ಲುವುದಿಲ್ಲ, ಯಾಕೆಂದರೆ ತಳದಲ್ಲಿ ಭಾರ ಇಲ್ಲ. ಆದರೆ ನೇರಳೆ ಬಣ್ಣ ಪೂರ್ತಿ ಇರುತ್ತದೆ. ನಮ್ಮ ಮಾವನವರಿಗೆ ಇದೇ ಲೋಟ, ಅವರು ಕುಡಿಯುವಾಗ ಮೊಮ್ಮಕ್ಕಳು ತಮ್ಮದನ್ನು ಬಿಟ್ಟು ಅದನ್ನು ಕೇಳುತ್ತಾರೆ.

ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಕೊಲೆಸ್ಟರಾಲ್‌ನ, ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ. ಮಾತ್ರೆಯ ಅಂಶ ಮೈಯಲ್ಲಿ ಜಾಸ್ತಿ ಉಳಿದುಬಿಡುತ್ತದೆ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ. ಕಿಡ್ನಿ ತೊಂದರೆ ಇರುವವರೂ ಕೇಳಬೇಕು, ಕಿತ್ತಳೆ ರಸದಲ್ಲಿ ಪೊಟ್ಯಾಶಿಯಂ ಜಾಸ್ತಿ. ಸಕ್ಕರೆ ಬದಲು ಜೇನು ಹಾಕುವವರು ಒಂದು ವರ್ಷದೊಳಗಿನ ಮಗುವಿಗೆ ಒಂದು ಚಮಚವೂ ಕೊಡಬೇಡಿ. ಕುಡಿದ ಕೂಡಲೇ ಹಲ್ಲುಜ್ಜಬೇಡಿ, ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಬಾಯಿ ಮುಕ್ಕಳಿಸಿದರೆ ಸಾಕು.

ಪಾತ್ರೆ ಯಾವುದು? ಹಿತ್ತಾಳೆ ಬಿಂದಿಗೆಯಲ್ಲಿ ಇಟ್ಟರೆ ಚೆಂದ ಕಾಣುತ್ತದಲ್ವಾ?

ಚೆಂದ ಕಾಣುತ್ತದೆ, ಆದರೆ ಬೇಡ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮೂರಕ್ಕೂ ಹುಳಿ ಆಗುವುದಿಲ್ಲ. ಗಾಜು ಅಥವಾ ಸ್ಟೀಲು.

ಹಿಂಡುವವರಿಗೂ ಒಂದು ಮಾತು. ನಿಂಬೆರಸ ತಾಗಿದ ಕೈಯಲ್ಲಿ ಬಿಸಿಲಿಗೆ ಹೋಗಬೇಡಿ. ಚರ್ಮದ ಮೇಲೆ ರಸ ಮತ್ತು ಬಿಸಿಲು ಸೇರಿದರೆ ಸುಟ್ಟ ಹಾಗೆ ಗುಳ್ಳೆ, ಕಲೆ ಆಗುವುದುಂಟು. ಟೆರೇಸ್ ಮೇಲೆ ಕೂತು ಹಿಂಡುವವರು ಸೋಪು ಹಚ್ಚಿ ಕೈ ತೊಳೆದು ಆಮೇಲೆ ಓಡಾಡಿ.

ಹಾಲು, ಐಸ್‌ಕ್ರೀಮ್ ಸೇರಿಸಬಹುದಾ?

ಹಾಲು ಒಡೆಯುತ್ತದೆ, ಬೇಡ.

ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಕೆಂಪು ಪಾಕ ಒಣಗಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಒಂದು ವಾರ ಧಾರಾಳ. ಸಿಪ್ಪೆಯ ಸಕ್ಕರೆ ಪಾಕವೂ ಅಷ್ಟೇ. ಶಂಖಪುಷ್ಪದ ನೀರು ಎರಡು ದಿನ. ಮೋಸಂಬಿ ರಸ ಅವತ್ತೇ.

ಪದರ ಹಾಗೆಯೇ ಇಟ್ಟು ಕುಡಿಯಬೇಕಾ, ಕಲಸಬೇಕಾ?

ಕಲಸಿಯೇ ಕುಡಿಯಬೇಕು. ಕಲಸದೆ ಕುಡಿದರೆ ಮೇಲೆ ಬರೀ ಹುಳಿ, ಕೊನೆಯಲ್ಲಿ ಬರೀ ಸಿಹಿ. ಲೋಟದ ಜೊತೆ ಒಂದು ಉದ್ದ ಚಮಚ ಕೊಡಿ. ಕೊಟ್ಟ ತಕ್ಷಣ ಯಾರೂ ಕಲಸುವುದಿಲ್ಲ. ಮೊದಲು ಬೆಳಕಿಗೆ ಎತ್ತಿ ನೋಡುತ್ತಾರೆ, ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ. ಅಜ್ಜಿ ಮಾತ್ರ ಹತ್ತು ನಿಮಿಷ ಹಾಗೇ ಹಿಡಿದು ಕೂತಿದ್ದರು, ಐಸೆಲ್ಲ ಕರಗಿತು. ಅವರಿಗೆ ಇನ್ನೊಂದು ಲೋಟ ಮಾಡಿ ಕೊಟ್ಟೆ.